ಡಬ್ಬಿಗೆ ಕೊಟ್ಟ ಉತ್ತರ

ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ಮನೆಯ ಗ್ರೂಪಿನಲ್ಲಿ ಗಂಡನ ಉತ್ತರ ಬಂತು. ಒಂದೇ ಪದ: 'ಬೇಡ'.

ಟೈಲರಮ್ಮ ಆಗ ನೀಲಿ ಬಟ್ಟೆ ಕತ್ತರಿಸುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಹಾಗೆಯೇ. ಫೋನು ಮೇಜಿನ ಮೇಲೆ, ಅಳತೆಯ ಟೇಪಿನ ಪಕ್ಕದಲ್ಲಿತ್ತು. ಕತ್ತರಿ ಕೆಳಗಿಡದೆ ಬಗ್ಗಿ ಓದಿದಳು. ಗಂಡನ ಪದದ ಮೇಲೆ ನಾದಿನಿಯ ಪ್ರಶ್ನೆ ಇತ್ತು: 'ಅಣ್ಣಾ, ಅಮ್ಮನ ಕಾಲು ಸರಿಹೋಗಿದೆ ಅಂದ್ರು ಡಾಕ್ಟರು. ಭಾನುವಾರ ನಿಮ್ಮನೆಗೆ ಕರ್ಕೊಂಡು ಬರ್ಲಾ?'

ಓದಿದವರು ಯಾರೇ ಆದರೂ ಮಗ ತಾಯಿಯನ್ನು ಬರಬೇಡ ಎಂದನೆಂದೇ ತಿಳಿಯಬೇಕು. ಹಾಗಲ್ಲ ಎಂಬುದು ಗೊತ್ತಿದ್ದವಳು ಟೈಲರಮ್ಮ ಒಬ್ಬಳೇ. ಅದಕ್ಕೆ ಸ್ವಲ್ಪ ಮುಂಚೆ ಅವಳು ಗ್ರೂಪಿನಲ್ಲಿ ಅಲ್ಲ, ಗಂಡನೊಬ್ಬನಿಗೇ ಬರೆದು ಕೇಳಿದ್ದಳು: 'ಡಬ್ಬಿ ಕಳಿಸ್ಲಾ?'

ಗಂಡ ಕೆಲಸ ಮಾಡುತ್ತಿದ್ದುದು ಶೈತ್ಯಾಗಾರದಲ್ಲಿ. ಮೀನು, ಬಟಾಣಿ, ಐಸ್‌ಕ್ರೀಮು ಎಲ್ಲವನ್ನೂ ಹೆಪ್ಪುಗಟ್ಟಿಸಿಡುವ ದೊಡ್ಡ ಉಗ್ರಾಣ. ದಪ್ಪ ಗೋಡೆಯ ಒಳಗೆ ಸಿಗ್ನಲ್ಲು ಬರುವುದಿಲ್ಲ. ಒಳಗಿನ ಪಾಳಿ ಮುಗಿಸಿ ಮೈ ಬೆಚ್ಚಗೆ ಮಾಡಿಕೊಳ್ಳಲು ಹೊರಗಿನ ಕೋಣೆಗೆ ಬಂದಾಗ, ಅಷ್ಟು ಹೊತ್ತಿನ ಸಂದೇಶಗಳೆಲ್ಲ ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಆ ಚಳಿಗೆ ಬೆರಳು ಮರಗಟ್ಟಿ, ಒತ್ತಿದ ಕಡೆ ಒತ್ತಿಕೊಳ್ಳುವುದಿಲ್ಲ. ಅವನು ಗ್ರೂಪು ತೆರೆದು ಓದುವ ಗೋಜಿಗೇ ಹೋಗುವವನಲ್ಲ. ಪರದೆಯ ಮೇಲೆ ಬಂದ ಸಾಲುಗಳಲ್ಲಿ ತನಗೆ ಬೇಕಾದದ್ದರ ಮೇಲೆ ಗೆಣ್ಣು ಒತ್ತಿ 'ಸರಿ' ಅಥವಾ 'ಬೇಡ' ಎಂದು ಬರೆದು, ಚಹಾ ಕುಡಿದು ಒಳಗೆ ಹೋಗುತ್ತಿದ್ದ. ಗೆಣ್ಣು ಒಂದು ಸಾಲು ಆಚೀಚೆ ಬೀಳುವುದು ಹೊಸದೇನೂ ಅಲ್ಲ. ಹಿಂದೊಮ್ಮೆ ಅವನ ಮೇಲಧಿಕಾರಿಗೆ 'ಟೊಮೇಟೊ ಜಾಸ್ತಿ ತಗೋ' ಎಂದು ಹೋಗಿತ್ತು. ಅವತ್ತು ಎಲ್ಲರೂ ನಕ್ಕಿದ್ದರು.

ಹಾಗಾಗಿ ಟೈಲರಮ್ಮನಿಗೆ ಲೆಕ್ಕ ಹಾಕಲು ಸಮಯ ಹಿಡಿಯಲಿಲ್ಲ. ಡಬ್ಬಿ ಬೇಡ ಎಂದಿದ್ದಾನೆ. ಗೆಣ್ಣು ತಪ್ಪಿ ಗ್ರೂಪಿನ ಮೇಲೆ ಬಿದ್ದಿದೆ. 'ಅದು ಡಬ್ಬಿ ವಿಷಯ' ಎಂದು ಮೂರು ಪದ ಬರೆದರೆ ಮುಗಿಯುತ್ತಿತ್ತು. ಅವಳು ಫೋನನ್ನು ಕೈಗೆ ತೆಗೆದುಕೊಂಡಳು. ಆಮೇಲೆ ಕೆಳಗಿಟ್ಟು, ಪ್ಯಾಂಟಿನ ಎಡಗಾಲನ್ನು ಕೊನೆಯವರೆಗೆ ಕತ್ತರಿಸಿದಳು.

ಅವಳು ಕೂತಿದ್ದುದು ಅತ್ತೆಯ ಕೋಣೆಯಲ್ಲಿ. ಅತ್ತೆ ಮೆಟ್ಟಿಲಿನಲ್ಲಿ ಜಾರಿ ಕಾಲು ಮುರಿದುಕೊಂಡು, ಬೇರೆ ಬಡಾವಣೆಯ ನೆಲಮಹಡಿಯಲ್ಲಿದ್ದ ನಾದಿನಿಯ ಮನೆ ಸೇರಿದ ಮೇಲೆ ಹೊಲಿಗೆ ಯಂತ್ರ ಅಲ್ಲಿಗೆ ಬಂದಿತ್ತು. ಅದಕ್ಕೂ ಮುಂಚೆ ಹದಿನಾರು ವರ್ಷ ಅದು ಅಡಿಗೆಮನೆಗೆ ಹೋಗುವ ಓಣಿಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಇತ್ತು. ಒಗ್ಗರಣೆಯ ಎಣ್ಣೆ ಹಾರಿ ಗಿರಾಕಿಗಳ ಬಟ್ಟೆಗೆ ಕಲೆಯಾಗುತ್ತಿತ್ತು. ಸೂಜಿಗೆ ಕಪ್ಪು ದಾರ ಪೋಣಿಸಲು ಬೆಳಕಿಗಾಗಿ ಬಚ್ಚಲಿನ ಬಾಗಿಲ ತನಕ ಹೋಗಬೇಕಿತ್ತು. ಅತ್ತೆಯ ಕೋಣೆಗೆ ಪೂರ್ವದ ಕಿಟಕಿ. ಆ ಬೆಳಕನ್ನು ನಂಬಿಯೇ ಅವಳು ಆಸ್ಪತ್ರೆಯೊಂದರ ನರ್ಸುಗಳ ಸಮವಸ್ತ್ರದ ದೊಡ್ಡ ಆರ್ಡರು ಒಪ್ಪಿಕೊಂಡಿದ್ದಳು. ಕೋಣೆಯ ಇನ್ನೊಂದು ಮೂಲೆಯಲ್ಲಿ ಟೈಲರಮ್ಮನ ಮಗಳ ಓದುವ ಮೇಜು. ಅತ್ತೆಯ ಮಂಚದ ಮೇಲೆ ಈಗ ಮಲಗುತ್ತಿದ್ದವಳು ಮಗಳೇ; ಮೊದಲು ಅವಳಿಗೆ ಹಜಾರದ ನೆಲವೇ ಗತಿ.

ಅತ್ತೆಗೆ ಕಿವಿ ಪೂರ್ತಿ ಹೋಗಿತ್ತು. ಕಿವಿಗೆ ಮಿಷನ್ನು ಹಾಕಿದರೂ ಪ್ರಯೋಜನವಿಲ್ಲ ಎಂದು ಡಾಕ್ಟರು ಕೈಬಿಟ್ಟ ಮೇಲೆ ಹುಟ್ಟಿದ್ದು ಆ ಗ್ರೂಪು. ಮನೆಯಲ್ಲಿ ಅತ್ತೆಗೆ ತಿಳಿಸಬೇಕಾದದ್ದನ್ನೆಲ್ಲ ಬರೆದೇ ತಿಳಿಸಬೇಕು, ಎದುರಿಗೆ ಕೂತು ಊಟ ಮಾಡುತ್ತಿದ್ದರೂ. ಅತ್ತೆ ಭೂತಗನ್ನಡಿ ಹಿಡಿದು ಓದಿ, ಬಾಯಿಯಲ್ಲಿ ಉತ್ತರ ಕೊಡುತ್ತಿದ್ದರು. ಜಗಳದಲ್ಲಿ ಇದರಿಂದ ಟೈಲರಮ್ಮನಿಗೆ ಯಾವತ್ತೂ ಸೋಲೇ. ಮೊದಲನೇ ಚುಚ್ಚು ಮಾತಿಗೆ ಅವಳು ಉತ್ತರ ಬರೆದು ಮುಗಿಸುವಷ್ಟರಲ್ಲಿ ಅತ್ತೆ ನಾಲ್ಕನೆಯದಕ್ಕೆ ಹೋಗಿರುತ್ತಿದ್ದರು. "ಈ ಮನೇಲಿ ದಾರಕ್ಕಿರೋ ಬೆಲೆ ಮನುಷ್ಯರಿಗಿಲ್ಲ" ಎನ್ನುವರು. "ನೀನು ಹೊಲಿದಿರೋ ಜೇಬು ನಿನ್ನ ಗಂಡನ ಬುದ್ಧಿ ಥರ, ಕೈ ಹಾಕಿದ್ರೆ ಆಳಾನೇ ಇಲ್ಲ" ಎನ್ನುವರು. ಕೆಳಗಿನ ಮಹಡಿಯವರಿಗೆ ಕೇಳಿಸುತ್ತಿದ್ದುದು ಒಂದೇ ಕಡೆಯ ದನಿ. ನಿಮ್ಮತ್ತೆ ಗೋಡೆ ಜೊತೆ ಜಗಳ ಆಡ್ತಾರಾ ಎಂದು ಒಬ್ಬಳು ಕೇಳಿಯೂ ಇದ್ದಳು.

ಆ ಮಧ್ಯಾಹ್ನ ನಾದಿನಿ ಹತ್ತು ನಿಮಿಷ ಬಿಟ್ಟು ಸಾಲುಸಾಲಾಗಿ ಬರೆದಳು. ಹೆತ್ತವಳು ಒಂದು ಭಾರವಾದಳಾ, ನನ್ನ ಗಂಡನ ಮುಖ ನಾನು ಹೇಗೆ ನೋಡಲಿ, ಮೂರು ತಿಂಗಳಿಂದ ಮಲ ಮೂತ್ರ ಎತ್ತಿದವಳು ನಾನು, ಒಂದು ಸಲವಾದರೂ ಹೇಗಿದ್ದೀಯಾ ಎಂದೆಯಾ ಎಂದೆಲ್ಲ. ಬರೆದು, ಬರೆದದ್ದನ್ನು ಅಳಿಸಿದಳು. ಅದು ಅವಳ ಅಭ್ಯಾಸ. ಸಿಟ್ಟಿನಲ್ಲಿ ಬರೆಯುವುದು, ಮರುಗಳಿಗೆಯಲ್ಲಿ ಅಳಿಸುವುದು. ಮನೆಯಲ್ಲಿ ಅವಳಿಗೆ 'ಡಸ್ಟರು' ಎಂದು ಅಡ್ಡಹೆಸರೇ ಇತ್ತು. ಈ ಸಲ ಅವಳು ಮೊದಲಿನ ಪ್ರಶ್ನೆಯನ್ನೂ ಅಳಿಸಿದಳು. ಕೇಳಿದ್ದೇ ಅವಮಾನ ಅನ್ನಿಸಿರಬೇಕು. ಉಳಿದದ್ದು ಒಂದೇ ಸಾಲು: 'ನಿನ್ನಿಂದ ಇನ್ನೇನು ತಾನೇ ನಿರೀಕ್ಷೆ ಮಾಡೋದು.'

ಗಂಡ ಮತ್ತೆ ಚಳಿಯಿಂದ ಹೊರಬಂದಾಗ ಅವನಿಗೆ ಕಂಡದ್ದು ಆ ಸಾಲು. ಹಿಂದಿನ ವಾರ ತಂಗಿಯ ಗಂಡನ ಅಂಗಡಿ ತೆರೆದ ದಿನ ಅವನು ಹೋಗಿರಲಿಲ್ಲ. ಅದರದ್ದೇ ಸಿಟ್ಟು ಎಂದುಕೊಂಡ. ಗೆಣ್ಣಿನಲ್ಲೇ ಬರೆದ: 'ನಂಗೆ ಆಗಲ್ಲ. ಏನ್ ಬೇಕಾದ್ರೂ ಅಂದ್ಕೋ.'

ನಾದಿನಿ ಗ್ರೂಪು ಬಿಟ್ಟುಹೋದಳು.

ರಾತ್ರಿಯ ಊಟಕ್ಕೆ ಮೊಟ್ಟೆ, ಬೇಳೆ, ಅನ್ನ. ಗಂಡ ಬೇಳೆಗೆ ಉಪ್ಪು ಸಾಲದು ಎಂದು ಹಾಕಿಕೊಂಡು ಕೇಳಿದ, "ಏನಂತೆ ನನ್ನ ತಂಗಿಗೆ?"

"ನಂಗೇನ್ರೀ ಗೊತ್ತು. ನಿಮ್ಮ ತಂಗಿ."

"ಏನೇನೋ ಬರೆದು ಅಳಿಸಿದ್ದಾಳೆ, ಪರದೆ ಮೇಲೆ ಬರೀ ಅಳಿಸಿದ ಗುರುತು. ನೀನು ಓದ್ಲಿಲ್ವಾ?"

"ಓದೋಷ್ಟರಲ್ಲಿ ಅಳಿಸಿದ್ರು. ನಾನು ಬಟ್ಟೆ ಕತ್ತರಿಸ್ತಾ ಇದ್ದೆ."

"ಅಂಗಡಿ ಓಪನಿಂಗಿಗೆ ಬರ್ಲಿಲ್ಲ ಅಂತಾನೇ ಇರ್ಬೇಕು. ಒಂದು ಹೂಗುಚ್ಛ ಕೊಡೋಕೆ ದಿನದ ಸಂಬಳ ಬಿಡಕ್ಕಾಗತ್ತಾ?"

ಮಗಳು ತಟ್ಟೆ ನೋಡಿಕೊಂಡು ಊಟ ಮಾಡುತ್ತಿದ್ದಳು. ಅವಳೂ ಗ್ರೂಪಿನಲ್ಲಿದ್ದಳು. ಕಾಲೇಜಿನ ಊಟದ ಬಿಡುವಿನಲ್ಲಿ, ಸೋದರತ್ತೆಯ ಪ್ರಶ್ನೆಯನ್ನು ಅಳಿಸುವ ಮುಂಚೆಯೇ ಅವಳು ಓದಿದ್ದಳು. ಅಪ್ಪ ಅಜ್ಜಿಯನ್ನು ಬೇಡ ಎಂದದ್ದು ನಿಜ, ಈಗ ಗೊತ್ತಿಲ್ಲದವನ ಹಾಗೆ ಆಡುತ್ತಿದ್ದಾನೆ ಎಂದು ತಿಳಿದು ಅವಳು ಮೊಟ್ಟೆ ಬಿಟ್ಟು ಎದ್ದಳು. ಓದು ಜಾಸ್ತಿಯಾಗಿದೆ ಎಂದು ಟೈಲರಮ್ಮ ಗಂಡನಿಗೆ ಹೇಳಿದಳು.

ಅತ್ತೆ ಪ್ರತಿದಿನ ಬೆಳಿಗ್ಗೆ ಗ್ರೂಪಿಗೆ ಒಂದು ಹೂವಿನ ಚಿತ್ರ ಕಳಿಸುತ್ತಿದ್ದರು. ಮಾರನೇ ದಿನ ಬರಲಿಲ್ಲ. ಆ ವಾರವಿಡೀ ಬರಲಿಲ್ಲ. ಗಂಡ ಅದನ್ನು ಗಮನಿಸಿದ್ದು ಎರಡನೇ ವಾರದಲ್ಲಿ, ಅದೂ ಹಲ್ಲುಜ್ಜುತ್ತಾ.

"ಅಮ್ಮ ಯಾಕೆ ಹೂವು ಕಳಿಸ್ತಿಲ್ಲ? ಯಾವಾಗ ಬರ್ತಾಳಂತೆ?"

"ಅವರಿಗೆ ಅಲ್ಲೇ ಚೆನ್ನಾಗಿದೆ ಅನ್ಸತ್ತೆ. ಮೆಟ್ಟಿಲಿಲ್ಲ, ಬಚ್ಚಲು ರೂಮಿಗೇ ಅಂಟ್ಕೊಂಡಿದೆ. ಇಲ್ಲಿಗೆ ಬಂದು ಎರಡು ಮಹಡಿ ಹತ್ತಿ ಇಳಿದು ಮಾಡ್ಬೇಕು. ಮತ್ತೆ ಬಿದ್ರೆ?"

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಗಂಡ ಬಾಯಿ ಮುಕ್ಕಳಿಸಿ ಬಂದು, ಬೆರಳು ಬೆಚ್ಚಗಿದ್ದ ಕಾರಣ ಪೂರ್ತಿ ವಾಕ್ಯವನ್ನೇ ತಾಯಿಗೆ ಬರೆದ: 'ಅಲ್ಲೇ ಆರಾಮಾಗಿದ್ದೀಯಾ ಅಮ್ಮ?'

ಊರಿನ ಇನ್ನೊಂದು ತುದಿಯಲ್ಲಿ, ನಾದಿನಿಯ ಮನೆಯ ಹಿಂದಿನ ಕೋಣೆಯಲ್ಲಿ, ಅತ್ತೆ ಭೂತಗನ್ನಡಿ ಹಿಡಿದು ಅದನ್ನು ಓದಿದರು. 'ಅಲ್ಲೇ' ಎಂಬುದರ ಮೇಲೆ ಗಾಜು ನಿಲ್ಲಿಸಿ ಮತ್ತೆ ಓದಿದರು. ಬಳಿಕ ಬರೆದರು: 'ಆರಾಮ.'

ಗಂಡ ಆ ಪದವನ್ನು ಹೆಂಡತಿಗೆ ತೋರಿಸಿ, ನೀನು ಹೇಳಿದ್ದು ಸರಿ, ಆರಾಮಾಗಿದ್ದಾಳೆ ಎಂದ. ಒಂದು ತಿಂಗಳು ಅಲ್ಲೇ ಇರಲಿ, ಮಳೆಗಾಲ ಕಳೆದು ಮೆಟ್ಟಿಲು ಒಣಗಿದ ಮೇಲೆ ತಾನೇ ಹೋಗಿ ಕರೆತರುವುದಾಗಿ ಹೇಳಿದ. ಟೈಲರಮ್ಮ ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ಹಲ್ಲಿನಲ್ಲಿ ದಾರ ಕತ್ತರಿಸಿ, ಹಾಗೇ ಮಾಡಿ ಎಂದಳು.

ಮೂರನೇ ವಾರ ಅವಳು ಸಿಕ್ಕಿಬಿದ್ದಳು. ಆಸ್ಪತ್ರೆಯವರು ಅಳತೆಯ ಚೀಟಿಯ ಫೋಟೋ ಕಳಿಸಿದ್ದರು. ಟೈಲರಮ್ಮ ಕಾಲಿನಲ್ಲಿ ಯಂತ್ರ ತುಳಿಯುತ್ತಾ, ಫೋನು ತೆಗೆದು ಅದನ್ನು ಓದಿ ಹೇಳು ಎಂದು ಮಗಳಿಗೆ ಹೇಳಿದಳು. ಮಗಳು ಎರಡು ಅಳತೆ ಓದಿದಳು. ಆಮೇಲೆ ನಿಲ್ಲಿಸಿದಳು.

"ಸೊಂಟ ಎಷ್ಟು ಹೇಳು."

ಮಗಳು ಕೈತಪ್ಪಿ ಅಪ್ಪನ ಸಂದೇಶಗಳ ಪಟ್ಟಿ ತೆರೆದಿದ್ದಳು. "ಅಮ್ಮ, ಅವತ್ತು ನೀನು ಅಪ್ಪನ ಹತ್ರ ಡಬ್ಬಿ ಕಳಿಸ್ಲಾ ಅಂತ ಕೇಳಿದ್ಯಾ?"

"ದಿನಾ ಕೇಳ್ತೀನಿ."

"ಅವತ್ತು ಇಲ್ಲಿ ಉತ್ತರಾನೇ ಬಂದಿಲ್ಲ. ಅದೇ ಹೊತ್ತಿಗೆ ಗ್ರೂಪಲ್ಲಿ ಬೇಡ ಅಂತ ಬಂದಿದೆ."

ಯಂತ್ರ ನಿಂತಿತು.

"ಅಪ್ಪ ಹೇಳಿದ್ದು ಡಬ್ಬಿಗೆ," ಎಂದಳು ಮಗಳು. "ಅಜ್ಜಿಗಲ್ಲ. ನಾನು ಅಪ್ಪನ ಜೊತೆ ಮಾತಾಡ್ದೇ ಎಷ್ಟು ದಿನ ಆಯ್ತು ಗೊತ್ತಾ? ನಿಂಗೆ ಮೊದ್ಲೇ ಗೊತ್ತಿತ್ತಾ?"

ಟೈಲರಮ್ಮ ಫೋನನ್ನು ಅವಳ ಕೈಯಿಂದ ತೆಗೆದುಕೊಂಡಳು. ದನಿ ಎತ್ತರಿಸಲಿಲ್ಲ. "ಅಪ್ಪಂಗೆ ಹೇಳ್ತೀಯಾ? ಹೇಳು. ನಾಳೆನೇ ಹೋಗಿ ಕರ್ಕೊಂಡು ಬರ್ತಾರೆ. ನಿನ್ನ ಮೇಜು ಎತ್ತಿ ಬಾಲ್ಕನಿಗೆ ಹಾಕೋಣ, ಮಳೆ ಬಂದ್ರೆ ಪ್ಲಾಸ್ಟಿಕ್ ಹೊದಿಸ್ಕೊಂಡು ಓದು. ಅಜ್ಜಿ ಬೆಳಗಿನ ಜಾವ ಎದ್ದು ಗಟ್ಟಿಯಾಗಿ ಪೇಪರ್ ಓದೋಕೆ ಶುರು ಮಾಡ್ತಾರೆ, ತನಗೆ ಕೇಳಲ್ಲ ಅಂತ ಊರಿಗೆಲ್ಲ ಕೇಳೋ ಹಾಗೆ. ಪರೀಕ್ಷೆ ಯಾವಾಗ ನಿಂದು?"

ಮಗಳು ತನ್ನ ಮೇಜಿನ ಕಡೆ ನೋಡಿದಳು.

"ನಾನೇನು ಬರೋದೇ ಬೇಡ ಅಂದ್ನಾ? ಆರ್ಡರ್ ಮುಗೀಲಿ, ನಿನ್ನ ಪರೀಕ್ಷೆ ಮುಗೀಲಿ. ಆಮೇಲೆ ನಾನೇ ಹೇಳ್ತೀನಿ. ಅವರಿಗೆ ಅಲ್ಲಿ ಏನು ಕಡಿಮೆಯಾಗಿದೆ? ಮಗಳ ಮನೆ."

ಮಗಳು ಮೇಜಿಗೆ ಹೋಗಿ ಪುಸ್ತಕ ತೆರೆದಳು. ಟೈಲರಮ್ಮ ತಾನೇ ಚೀಟಿ ನೋಡಿ ಸೊಂಟದ ಅಳತೆ ಗುರುತು ಹಾಕಿಕೊಂಡಳು. ಸಂಜೆ ಮಗಳಿಗೆ ಇಷ್ಟವಾದ ಆಲೂಗಡ್ಡೆ ಕರಿದಳು. ಮಗಳು ತಿಂದಳು. ಟೈಲರಮ್ಮ ಕೈ ತೊಳೆದು ಬಂದು, ಗಂಡನಿಗೆ ತಾನು ಬರೆದಿದ್ದ ಸಂದೇಶಗಳನ್ನೆಲ್ಲ ತನ್ನ ಫೋನಿನಿಂದಲೂ, ಗಂಡ ಮಲಗಿದ ಮೇಲೆ ಅವನ ಫೋನಿನಿಂದಲೂ ಅಳಿಸಿದಳು.

ಅದಾಗಿ ಪರೀಕ್ಷೆ ಬಂತು, ಹೋಯಿತು. ಆಸ್ಪತ್ರೆಯವರು ಮೊದಲ ಕಂತಿನ ಬಟ್ಟೆ ಒಯ್ದು, ಹೊಲಿಗೆ ಚೆನ್ನಾಗಿದೆ ಎಂದು ಇನ್ನೊಂದು ವಿಭಾಗದ ಆರ್ಡರನ್ನೂ ಕೊಟ್ಟರು. ಅಜ್ಜಿಯ ಮಾತನ್ನು ಟೈಲರಮ್ಮ ಎತ್ತಲಿಲ್ಲ. ಮಗಳೂ ಎತ್ತಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ನಾದಿನಿ, ಕೈಯಲ್ಲಿ ಖಾಲಿ ಸೂಟ್‌ಕೇಸು. ಗಂಡ ಸ್ನಾನ ಮುಗಿಸಿ ಬ್ರೆಡ್ಡು ತಿನ್ನುತ್ತಿದ್ದ. ಅಣ್ಣನ ಕಡೆ ನೋಡದೆ ಅವಳು ಅತ್ತಿಗೆಗೆ ಹೇಳಿದಳು, "ಅಮ್ಮನ ಸ್ವೆಟರು, ಶಾಲು, ಆಸ್ಪತ್ರೆ ಕಾಗದ ಎಲ್ಲ ಕೊಡಿ ಅತ್ತಿಗೆ. ನಾಳೆ ಸೇರಿಸ್ತಿದ್ದೀವಿ."

"ಎಲ್ಲಿಗೆ ಸೇರಿಸ್ತಿದ್ದೀಯ?" ಎಂದ ಗಂಡ.

"ವಯಸ್ಸಾದವರನ್ನ ನೋಡ್ಕೊಳ್ಳೋ ಕಡೆ. ನನ್ನ ಮಾವನಿಗೂ ಹುಷಾರಿಲ್ಲ, ಇಬ್ಬಿಬ್ಬರನ್ನ ನೋಡ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ. ಜಾಗ ಸಿಕ್ಕಿದೆ, ಅಮ್ಮನೂ ಒಪ್ಪಿದ್ದಾಳೆ."

ಗಂಡ ಕೈಯಲ್ಲಿದ್ದ ಬ್ರೆಡ್ಡು ಕೆಳಗಿಟ್ಟ. "ನನ್ನನ್ನ ಒಂದು ಮಾತೂ ಕೇಳ್ದೆ?"

"ಕೇಳಿದ್ದೆ. ನೀನೇ ಬೇಡ ಅಂದೆ."

"ನಾನಾ? ಯಾವಾಗ?"

"ನಾಟಕ ಆಡ್ಬೇಡ ಅಣ್ಣ. ಅಮ್ಮನ್ನ ಕರ್ಕೊಂಡು ಬರ್ಲಾ ಅಂತ ಗ್ರೂಪಲ್ಲಿ ಕೇಳಿದ್ದಕ್ಕೆ ಬೇಡ ಅಂತ ಒಂದೇ ಪದ ಎಸೆದೆ. ಅಮ್ಮ ಪಕ್ಕದಲ್ಲೇ ಕೂತಿದ್ಲು, ನನಗಿಂತ ಮುಂಚೆ ಓದಿದ್ಲು. ಮೇಲಿಂದ ನಂಗೆ ಆಗಲ್ಲ ಅಂತ ಬರೆದೆ. ಎರಡು ವಾರ ಬಿಟ್ಟು ಅಲ್ಲೇ ಆರಾಮಾಗಿದ್ದೀಯಾ ಅಂತ ಅವಳನ್ನ ಚುಚ್ಚಿದೆ. ಅವತ್ತು ಅವಳು ಊಟ ಮಾಡ್ಲಿಲ್ಲ."

ಗಂಡ ಫೋನು ತೆಗೆದ. ಗ್ರೂಪಿನಲ್ಲಿ ಅವನ 'ಬೇಡ' ಹಾಗೆಯೇ ಇತ್ತು, ಮೇಲೆ ಕೆಳಗೆ ಅಳಿಸಿದ ಸಂದೇಶಗಳ ಗುರುತು ಮಾತ್ರ. ಅವನು ಅದನ್ನು ನೋಡುತ್ತಾ ನಿಂತ. ಅದು ಹೋದ ಹೊತ್ತು ನೋಡಿದ. ತಲೆ ಎತ್ತಿ ಹೆಂಡತಿಯನ್ನು ಕೇಳಿದ, "ಇದು ಊಟದ ಹೊತ್ತು. ನೀನು ಡಬ್ಬಿ ಕೇಳಿರ್ಬೇಕಲ್ಲ?"

"ನೆನಪಿಲ್ಲ."

"ನನ್ನ ಫೋನಲ್ಲಿ ಇಲ್ಲ. ನಿನ್ನ ಫೋನ್ ಕೊಡು."

"ಅಷ್ಟು ಹಳೇದು ಎಲ್ಲಿರತ್ತೆ? ಜಾಗ ಸಾಲ್ದೆ ಎಲ್ಲ ತೆಗೆದೆ. ಅಳತೆ ಫೋಟೋನೇ ಹಿಡಿಸ್ತಿರ್ಲಿಲ್ಲ."

ಮಗಳು ಕೋಣೆಯ ಬಾಗಿಲಲ್ಲಿ ನಿಂತಿದ್ದಳು. "ಇತ್ತು ಅಪ್ಪ," ಎಂದಳು. "ನಾನು ನೋಡಿದ್ದೆ. ಅಮ್ಮ ಡಬ್ಬಿ ಕೇಳಿದ್ಲು, ನೀನು ಅದಕ್ಕೆ ಬೇಡ ಅಂದಿದ್ದು. ತಪ್ಪಿ ಗ್ರೂಪಿಗೆ ಹೋಗಿದೆ."

ಗಂಡ ಹೆಂಡತಿಯನ್ನು ಹೊಡೆಯುವವನಲ್ಲ, ಕೂಗಾಡುವವನೂ ಅಲ್ಲ. ಅವನು ತಟ್ಟೆಯನ್ನು ಒಳಗಿಟ್ಟು ಬಂದು ಚಪ್ಪಲಿ ಮೆಟ್ಟಿದ. "ಎಲ್ಲರೂ ನಡೀರಿ. ಅಮ್ಮಂಗೆ ಹೇಳಿ ಈಗ್ಲೇ ಕರ್ಕೊಂಡು ಬರೋಣ."

ತಡೆದವಳು ನಾದಿನಿ. "ಈಗ ಹೇಳಿ ಏನು ಪ್ರಯೋಜನ? ಹೇಗೋ ಮನಸ್ಸು ಗಟ್ಟಿ ಮಾಡ್ಕೊಂಡಿದ್ದಾಳೆ. ಜಾಗ ಬಿಟ್ಟುಕೊಟ್ರೆ ಮತ್ತೆ ಸಿಗಲ್ಲ. ನೀನು ನಾಲ್ಕು ದಿನ ಇಟ್ಕೊಂಡು ಆಗಲ್ಲ ಅಂದ್ರೆ?" ಅವಳು ಸೂಟ್‌ಕೇಸಿನ ಹಿಡಿಯನ್ನು ಬಿಟ್ಟಿರಲಿಲ್ಲ. ಅಣ್ಣ ನಿರಪರಾಧಿ ಎಂದು ತಿಳಿದು ಅವಳ ಮುಖದಲ್ಲಿ ಸಮಾಧಾನವೇನೂ ಕಾಣಲಿಲ್ಲ. ಟೈಲರಮ್ಮ ಅದನ್ನು ನೋಡಿದಳು. ಅವಳಿಗೆ ಸ್ವಲ್ಪ ಧೈರ್ಯ ಬಂದಿತು.

ಬಸ್ಸಿನಲ್ಲಿ ಗಂಡ ಮುಂದೆ ಕೂತ, ಹೆಂಗಸರು ಹಿಂದೆ. ಖಾಲಿ ಸೂಟ್‌ಕೇಸು ಕಾಲಿಗೆ ತಗಲುತ್ತಿತ್ತು. ಟೈಲರಮ್ಮ ಪಕ್ಕದಲ್ಲಿದ್ದ ಮಗಳಿಗೆ ಪಿಸುಮಾತಿನಲ್ಲಿ ಕೇಳಿದಳು, "ತೃಪ್ತಿ ಆಯ್ತಾ?" ಮಗಳು ಕಿಟಕಿಯ ಕಡೆಗೆ ತಿರುಗಿದಳು.

ಅತ್ತೆ ಹಿಂದಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ಕೂದಲು ಬಾಚಿತ್ತು, ಉಗುರು ಕತ್ತರಿಸಿತ್ತು. ಪಕ್ಕದಲ್ಲಿ ಊರುಗೋಲು. ನಾಲ್ವರು ಒಟ್ಟಿಗೆ ಒಳಗೆ ಬಂದದ್ದನ್ನು ನೋಡಿ, "ಯಾರು ಸತ್ರು?" ಎಂದರು, ಕಿವುಡರ ಆ ದೊಡ್ಡ ಏಕನಾದದಲ್ಲಿ.

ಗಂಡ ತಾಯಿಯ ಮುಂದೆ ನೆಲದ ಮೇಲೆ ಕೂತು ಬರೆಯತೊಡಗಿದ. ಅವತ್ತು ಅವನ ಬೆರಳು ಬೆಚ್ಚಗಿತ್ತು, ಆದರೂ ತಪ್ಪಾಗುತ್ತಿತ್ತು. ಅಳಿಸಿ ಅಳಿಸಿ ಬರೆದ. ಮುಗಿದ ಮೇಲೆ ಫೋನನ್ನು ತಾಯಿಯ ತೊಡೆಯ ಮೇಲಿಟ್ಟ. ಅತ್ತೆ ಭೂತಗನ್ನಡಿಯನ್ನು ಸಾಲಿನಿಂದ ಸಾಲಿಗೆ ಇಳಿಸುತ್ತಾ ಕೊನೆಯವರೆಗೆ ಓದಿದರು. ಮತ್ತೆ ಮೇಲಿನಿಂದ ಓದಿದರು.

"ಡಬ್ಬಿಗಾ?" ಎಂದರು.

ಗಂಡ ತಲೆಯಾಡಿಸಿದ. ಅವನ ಕಣ್ಣು ತುಂಬಿತ್ತು.

ಅತ್ತೆ ಸೊಸೆಯ ಕಡೆ ನೋಡಿದರು. "ಅವನು ಬೇಡ ಅಂದಿದ್ದು ಡಬ್ಬಿಗೆ ಅಂತ ನಿಂಗೆ ಗೊತ್ತಿತ್ತಲ್ಲ? ನೀನೇ ಕೇಳಿದವಳು."

ಟೈಲರಮ್ಮ ಫೋನು ತೆಗೆದು ಬರೆಯಲು ಹೊರಟಳು. ಅತ್ತೆ ಕೈಯೆತ್ತಿ ತಡೆದರು. "ಬರೀಬೇಡ. ತಲೆ ಆಡಿಸು. ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ."

ಹದಿನಾರು ವರ್ಷದ ಜಗಳಗಳಲ್ಲಿ ಅತ್ತೆ ಅವಳ ಉತ್ತರಕ್ಕಾಗಿ ಕಾದದ್ದು ಅದೇ ಮೊದಲು. ಟೈಲರಮ್ಮ ಹೌದು ಎಂದು ತಲೆಯಾಡಿಸಿದಳು.

"ಬಿಡು. ನಿನ್ನಿಂದ ನಾನು ಬೇರೆ ಏನೂ ಅಂದ್ಕೊಂಡಿರ್ಲಿಲ್ಲ," ಎಂದು ಅತ್ತೆ ಮೊಮ್ಮಗಳ ಕಡೆ ತಿರುಗಿದರು. "ನೀನು ನೋಡಿದ್ದೆ ಅಂತ ಬರೆದಿದ್ದಾನೆ ನಿಮ್ಮಪ್ಪ. ಯಾವಾಗ ನೋಡಿದೆ ಪುಟ್ಟಿ?"

ಮಗಳು ಅಜ್ಜಿಯ ಪಕ್ಕಕ್ಕೆ ಹೋಗಿ ತನ್ನ ಫೋನಿನಲ್ಲಿ ಬರೆದು ತೋರಿಸಿದಳು: 'ಪರೀಕ್ಷೆಗೆ ಮುಂಚೆ.'

"ಪರೀಕ್ಷೆ ಹೇಗಾಯ್ತು?"

'ಚೆನ್ನಾಗಾಯ್ತು ಅಜ್ಜಿ.'

"ಆಗ್ಲೇಬೇಕಲ್ಲ. ರೂಮು ಖಾಲಿ ಇತ್ತು."

ಮಗಳು ಅಜ್ಜಿಯ ಕೈ ಹಿಡಿಯಲು ಹೋದಳು. ಅತ್ತೆ ಆ ಕೈಯಲ್ಲಿ ಊರುಗೋಲು ಎತ್ತಿಕೊಂಡರು.

ಗಂಡ ಮತ್ತೆ ಬರೆದ. ತಪ್ಪಾಯಿತು, ಈಗಲೇ ಮನೆಗೆ ಹೋಗೋಣ, ಯಂತ್ರ ಓಣಿಗೆ ಹಾಕಿಸುತ್ತೇನೆ, ನಿನ್ನ ರೂಮು ನಿನಗೇ ಎಂದು. ಅತ್ತೆ ಅರ್ಧ ಓದಿ ಫೋನನ್ನು ಮಗನಿಗೆ ಹಿಂದಿರುಗಿಸಿದರು.

"ನೀನು ಬೇಡ ಅಂದೆ ಅಂತಾನೇ ಇದ್ದಿದ್ರೆ ಇವತ್ತು ನಿನ್ನ ಹಿಂದೆ ಬಂದುಬಿಡ್ತಿದ್ದೆ," ಎಂದರು. "ಮಕ್ಕಳು ಅಂತಾರೆ. ನಾನೂ ನಮ್ಮಮ್ಮಂಗೆ ಅಂದಿದ್ದೆ. ಇವತ್ತು ಬೇಡ ಅಂದವನು ನಾಳೆ ಬಾ ಅಂತಾನೆ. ಅದು ಜಗಳ, ಮುಗಿಯತ್ತೆ. ಇದು ಹಾಗಲ್ಲ ಮಗ. ನಾನು ಕಿವುಡಿ. ಬರೆದು ತೋರಿಸಿದ್ದನ್ನ ಓದ್ತೀನಿ. ಆ ಮನೇಲಿ ಇಬ್ಬರು ಗೊತ್ತಿದ್ದೂ ಬರೀಲಿಲ್ಲ. ಬರೀದೇ ಇದ್ದದ್ದನ್ನ ನಾನು ಹೇಗೆ ಓದ್ಲಿ? ಇನ್ನು ಅಲ್ಲಿ ಕೂತ್ಕೊಂಡು ದಿನಾ ನಿಮ್ಮ ಮುಖ ನೋಡ್ತಾ, ಇವತ್ತು ಏನು ಬರೀಲಿಲ್ಲ ಅಂತ ಹುಡುಕ್ತಾ ಇರ್ಲಾ?"

ನಾದಿನಿ ಬಾಗಿಲ ಬಳಿಯಿಂದ, ಅಮ್ಮನನ್ನು ಕಳಿಸಲು ಮನಸ್ಸಿಲ್ಲದವಳಲ್ಲ ತಾನು, ಅಣ್ಣನ ಜೊತೆ ಹೋಗುವುದಾದರೆ ಹೋಗಲಿ ಎಂದು ಮೆಲ್ಲಗೆ ಹೇಳಿದಳು. ಅದು ಅತ್ತೆಗೆ ಕೇಳಲಿಲ್ಲ. ಕೇಳಬೇಕೆಂದು ಅವಳು ಬರೆಯಲೂ ಇಲ್ಲ.

"ಸ್ವೆಟರು ತಂದ್ರಾ?" ಎಂದು ಅತ್ತೆ ನಾದಿನಿಯನ್ನು ಕೇಳಿದರು. ಸೂಟ್‌ಕೇಸು ಖಾಲಿಯಾಗಿಯೇ ವಾಪಸು ಬಂದಿತ್ತು. ಗಂಡ ಎದ್ದು ಅದನ್ನು ಹಿಡಿದುಕೊಂಡು ಒಬ್ಬನೇ ಬಸ್ ಸ್ಟಾಪಿಗೆ ಹೋದ.

ಟೈಲರಮ್ಮ ಮತ್ತು ಮಗಳು ಮುಂದಿನ ಬಸ್ಸಿನಲ್ಲಿ ಬಂದಾಗ ಅವನು ತಾಯಿಯ ಸ್ವೆಟರುಗಳನ್ನು ಮಂಚದ ಮೇಲೆ ಹರಡಿಕೊಂಡು ಮಡಿಚುತ್ತಿದ್ದ. ಒಂದರ ತೋಳು ಬಿಚ್ಚಿಹೋಗಿತ್ತು. ಅದನ್ನು ಹೆಂಡತಿಯ ಕಡೆ ಚಾಚಿದ. ಅವಳು ಯಂತ್ರದ ಮುಂದೆ ಕೂತು ಹೊಲಿದುಕೊಟ್ಟಳು.

"ನಿಮ್ಮಮ್ಮಂಗೆ ನಾನು ಬೇಕಂತ ಮಾಡಿದ್ದಲ್ಲ," ಎಂದಳು. "ನೀವು ಬರೆದಿದ್ದನ್ನ ನಾನು ಬದಲಾಯಿಸ್ಲಿಲ್ಲ, ಅಷ್ಟೇ."

"ಗೊತ್ತು," ಎಂದ ಗಂಡ. ಸ್ವೆಟರು ತೆಗೆದುಕೊಂಡು ಸೂಟ್‌ಕೇಸಿಗೆ ಹಾಕಿದ.

ಸೋಮವಾರ ಬೆಳಿಗ್ಗೆ ನಾದಿನಿ ಮತ್ತು ಅವಳ ಗಂಡ ಅತ್ತೆಯನ್ನು ಆರೈಕೆ ಮನೆಗೆ ಸೇರಿಸಿದರು. ಅಲ್ಲಿ ಭೇಟಿಗೆ ಭಾನುವಾರ ಮಾತ್ರ ಅವಕಾಶ. ಮೊದಲ ಭಾನುವಾರ ಗಂಡನೂ ಮಗಳೂ ಹೋದರು. ಅತ್ತೆ ಮಗನನ್ನು ಒಳಗೆ ಕರೆಸಿಕೊಂಡರು. ಮೊಮ್ಮಗಳಿಗೆ ಅಲ್ಲಿನ ಆಯಾ ಹೊರಗಿನ ಬೆಂಚು ತೋರಿಸಿದಳು. ಅವಳು ಭೇಟಿಯ ಹೊತ್ತು ಮುಗಿಯುವವರೆಗೆ ಅಲ್ಲಿ ಕೂತಿದ್ದು, ಅಪ್ಪನ ಜೊತೆ ವಾಪಸು ಬಂದಳು. ಎರಡನೇ ಭಾನುವಾರ ಗಂಡ ಒಬ್ಬನೇ ಹೋದ.